ಖೂಬಾ ಪ್ಲಾಟಿನಲ್ಲಿ ಒಂದು ಸ್ವೀಡನ್ ಮನೆ

ಬಣ್ಣದ ಡಬ್ಬಿ ಹಿಡಿದು ನಾನು ಯಾರ ಮನೆಗೆ ಹೋದರೂ, ನಗೆಪಾಟಲು ನನ್ನ ಹಿಂದೆಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಒಂಬತ್ತನೇ ಇಯತ್ತೆಗೇ ಸಾಲಿಗೆ ಕೈಮುಗಿದು ಬ್ರಷ್ ಹಿಡಿದವ ನಾನು. ಆದರೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಕಾಲೇಜು ಮೇಡಂ ಮನೆಯಲ್ಲಿ ಕಂಡಂಥದ್ದು ಎಲ್ಲೂ ಕಂಡಿಲ್ಲ. ಮೇಡಂ ಎರಡು ವರ್ಷ ಸ್ವೀಡನ್ನಿನಲ್ಲಿದ್ದು ಬಂದವರು. ತಮ್ಮ ಮನೆಯೂ ಅಲ್ಲಿನ ಹಳೇ ಮನೆಯಂತೆ ಆಗಬೇಕೆಂದು ಆಸೆ. ಅವರ ಅತ್ತೆಗೆ ಬೇರೆಯೇ ಚಿಂತೆ. ರವಿವಾರ ತಮ್ಮ ಮಗಳನ್ನು, ಅಂದರೆ ಮೇಡಂ ಅವರ ನಾದಿನಿಯನ್ನು, ನೋಡಲು ಕಮಲಾಪುರದವರು ಬರುವವರಿದ್ದರು. ಹುಡುಗನ ಫೋಟೋ ನೋಡಿ ಮಗಳು ಮನಸ್ಸಿನಲ್ಲೇ ಹೂಂ ಅಂದಾಗಿತ್ತು. ಮನೆ ನೋಡಿ ಅವರು ವಾಪಸ್ ಹೋದರೆ ಆ ಪಾಪ ಸೊಸೆಯ ತಲೆಗೆ ಅಂತ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು.

೧. ಬೆಳಕು

ಆ ದೇಶದಲ್ಲಿ ಚಳಿಗಾಲಕ್ಕೆ ಮಧ್ಯಾಹ್ನ ಮೂರಕ್ಕೇ ಸೂರ್ಯ ಮುಳುಗುತ್ತಾನಂತೆ. ಸಿಕ್ಕಷ್ಟು ಬೆಳಕು ಒಳಗೇ ಉಳಿಯಲಿ ಅಂತ ಗೋಡೆ, ನೆಲ ಎಲ್ಲಾ ಬಿಳಿ ಬಳಿಯುತ್ತಾರಂತೆ. ಬೆಳಕನ್ನು ಜೋಳದ ಹಾಗೆ ಕೂಡಿಡುವ ಮಂದಿಯೂ ಇದ್ದಾರೆ ಅಂತ ಕೇಳಿ ನಾನು ಬ್ರಷ್ ಹಿಡಿದೇ ನಿಂತುಬಿಟ್ಟೆ. ಶಹಾಬಾದಿ ಕಲ್ಲಿನ ನೆಲಕ್ಕೂ ಬಿಳಿ ಬಳಿದೆ. ಒಣಗಿದ ಮೇಲೆ ಕಿಟಕಿ ತೆರೆದೆ ನೋಡಿ, ನಮ್ಮ ಕಲಬುರಗಿ ಬಿಸಿಲು ಒಳಗೆ ಹೊಕ್ಕು ಗೋಡೆಯಿಂದ ಗೋಡೆಗೆ ಹಾರಾಡಿತು. ಹಾಲಿನ ಹಂಡೆಯೊಳಗೆ ಇಳಿದಂತೆ ಬಾಯಿ ತೆರೆದು ನಿಂತೆ. ಹಿಂದೆ ರೊಟ್ಟಿ ಬಡಿಯುವ ಸಪ್ಪಳ. ತಿರುಗಿದರೆ, ಕಣ್ಣಿನ ಆಪರೇಷನ್ ಆದಾಗ ಕೊಟ್ಟ ಕರಿ ಚಸ್ಮಾ ಹಾಕಿಕೊಂಡು ಅತ್ತೆ ಒಲೆ ಮುಂದೆ ಕೂತಿದ್ದರು.

೨. ಆಡು

ಅಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಹುಲ್ಲಿನ ಆಡು ಕಟ್ಟಿ, ಕೆಂಪು ರಿಬ್ಬನ್ ಸುತ್ತಿ ಮನೆಯಲ್ಲಿ ನಿಲ್ಲಿಸುತ್ತಾರಂತೆ. ನಾನು ಜೋಳದ ಒಣದಂಟು, ಕಣಿಕಿ ತಂದು ಎರಡು ದಿನ ಕೂತು ಕಟ್ಟಿದೆ. ಕೊಂಬು, ಗಡ್ಡ, ಬಾಲ ಎಲ್ಲಾ. ನನ್ನ ಕೈಯಿಂದಲೇ ಇದು ಬಂತೇ ಅಂತ ನನಗೇ ಬೆರಗು. ಓಣಿ ಹುಡುಗರನ್ನು ಅಂಜಿಸೋಣ ಅಂತ ಹೊರಗಿನ ಕಟ್ಟೆ ಮೇಲಿಟ್ಟೆ. ಖರೇ ಆಡೊಂದು ಬಂತು. ಮುಖಕ್ಕೆ ಮುಖ ಹಚ್ಚಿ ಮೂಸಿತು. ತಮ್ಮನ ಗುರುತು ಹಿಡಿಯಿತು ಅಂತ ಮೇಡಂ ಅವರನ್ನು ಕರೆಯಲು ಓಡಿದೆ. ನಾವು ಬರುವಷ್ಟರಲ್ಲಿ ಗಡ್ಡದಿಂದ ಬಾಲದವರೆಗೆ ಮುಗಿದು ರಿಬ್ಬನ್ ಒಂದೇ ಉಳಿದಿತ್ತು. ಮೇಡಂ ಅಳುವ ಮುಖ ಮಾಡಿದರು. ಅತ್ತೆ ನನ್ನ ಬೆನ್ನು ತಟ್ಟಿದರು.

“ಬ್ಯಾಸರ ಮಾಡ್ಕೋಬ್ಯಾಡ ಮಗಾ. ನಿನ್ನ ಕೆಲಸ ಇಷ್ಟು ಮನಸಿಗಿ ಬಂದದ್ದು ಈ ಆಡೊಂದಕ್ಕೇ.”

೩. ಕಪಾಟು

ಸ್ವೀಡನ್ ಪದ್ಧತಿಯಲ್ಲಿ ಕಪಾಟು ಮುತ್ತಜ್ಜನ ಕಾಲದ್ದು ಅನ್ನಿಸಬೇಕು. ಅದಕ್ಕೆ ಬೂದಿನೀಲಿ ಬಣ್ಣ ಹಚ್ಚಿ, ಶನಿವಾರ ಪಾಲಿಶ್ ಕಾಗದದಿಂದ ಅದರ ಮೂಲೆ ಅಂಚು ತಿಕ್ಕಿ ತಿಕ್ಕಿ ಸವೆಸಿದೆ. ಒಂದೇ ಮಧ್ಯಾಹ್ನಕ್ಕೆ ನೂರು ವರ್ಷ ಕಳೆದವು.

ರವಿವಾರ ನಾನು ಡಬ್ಬಿ ಬ್ರಷ್ ಒಯ್ಯಲು ಬಂದಾಗಲೇ ಕಮಲಾಪುರದವರೂ ಬಂದರು. ಹುಡುಗನ ಅಜ್ಜ ಹೊಸ್ತಿಲಲ್ಲೇ ನಿಂತು ಮೂಗರಳಿಸಿದರು.

“ಹೊಸಾ ಬಣ್ಣದ ವಾಸನಿ. ಅಂದ್ರ ಹುಡುಗಿ ಲಗ್ನ ಎಲ್ಲೋ ಗಟ್ಟಿ ಆಗ್ಯಾದ. ನಮ್ಮನ್ಯಾಕ ಕರಸೀರಿ?”

ನಮ್ಮ ಕಡೆ ಲಗ್ನ ಗಟ್ಟಿಯಾದ ಮೇಲೆಯೇ ಮನೆ ಬಣ್ಣ ಕಾಣುವುದು. ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಸೊಸೆಯನ್ನು ಸುಡುವಂತೆ ನೋಡಿದರು. ಒಳಗೆ ಹುಡುಗಿ ಚಹಾದ ತಟ್ಟೆ ಕೆಳಗಿಟ್ಟು ಬಾಗಿಲ ಸಂದಿಯಿಂದ ಇಣುಕಿದಳು. ಅಜ್ಜ ಚಪ್ಪಲಿ ಮೆಟ್ಟಲು ತಿರುಗಿದರು.

ನನ್ನ ಬಾಯಿ ತಡೆಯಲಿಲ್ಲ. “ಬಣ್ಣ ಎಲ್ಲದರೀ ಅಜ್ಜಾರ? ಗೋಡಿ ಬರೇ ಬಿಳಿ ಅವ. ಈ ಕಪಾಟರೆ ನೋಡ್ರಿ, ಎಷ್ಟು ಸವದದ.”

“ಮತ್ತ ವಾಸನಿ?”

“ಅದು ನಂದ್ರೀ. ನಾ ಪೇಂಟರ್ ಇದ್ದೀನಿ.”

ಅಜ್ಜ ಒಳಗೆ ಬಂದರು. ಸವೆದ ಮೂಲೆಯ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. ಹಳೇ ಸಾಮಾನು ಇಷ್ಟು ಜತನದಿಂದ ಇಟ್ಟವರು ಸಂಬಂಧವನ್ನೂ ಜತನ ಮಾಡುತ್ತಾರೆ ಅಂದರು. ನಾನು ನೆಲ ನೋಡಿದೆ. ಚಹಾ ಬಂತು, ಹುಡುಗ ಹುಡುಗಿ ಮಾತಾಡಿಕೊಂಡು ಬಂದರು, ಇಬ್ಬರದೂ ಹೂಂ. ಅಲ್ಲೇ ಸಕ್ಕರೆ ಹಂಚಿದರು. ಮೇಡಂ ಕಣ್ಣೊರೆಸಿಕೊಂಡು ತಮ್ಮ ಬೆಳ್ಳನೆ ಮನೆಯನ್ನು ಸುತ್ತ ನೋಡಿದರು.

ಹೊರಡುವಾಗ ಅಜ್ಜ ಅತ್ತೆಯನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: “ಈಗ ಲಗ್ನ ಗಟ್ಟಿ ಆಯ್ತಲ್ಲ ತಂಗಿ, ಹ್ಯಾಂಗೂ ಪೇಂಟರ್ ಬಂದಾನ. ಇನ್ನರೆ ಮನಿಗಿ ಬಣ್ಣ ಹಚ್ಚಸು.”