ಗೆರಿ ಹಾಕಿದ್ರ ಹನಿ ಹಾಕೂ ಮಷೀನು

ನಮ್ಮ ರಕ್ತ ತಪಾಸಣಿ ಲ್ಯಾಬಿನ್ಯಾಗ ನಗೂವಂಥದ್ದು ಏನರೆ ಒಂದು ಆಗದ ವಾರ ಇಲ್ಲ. ಜಡ್ಡಿನವರು ಬರೂ ಜಾಗ, ನಗಬಾರದು ಅಂತ ತಡಕೊಂತೀವಿ. ತಡಕೊಂಡಷ್ಟೂ ಜಾಸ್ತಿ ಬರ್ತದ.

ನಾನು ಸೋಲಾಪುರದ ಈ ಲ್ಯಾಬಿನ್ಯಾಗ ಇಪ್ಪತ್ತು ವರ್ಷ ಹನಿ ಹಾಕಿದಾಂವ. ರಕ್ತದ ಮ್ಯಾಲ ನಿಂತ ತಿಳಿಯನ್ನ ಗಾಜಿನ ಕೊಳವಿಲೆ ಎತ್ತಿ, ಬ್ಯಾರೆ ಟ್ಯೂಬಿಗೆ ಅಳತಿ ಪ್ರಕಾರ ಬಿಡೂದು. ಓದಿದ್ದು ಚಪಳಗಾಂವ ಸಾಲ್ಯಾಗ ನಾಕನೇತ್ತೆ, ಕನ್ನಡ. ಕೈ ಮಾತ್ರ ಎಂದೂ ನಡಗಿರಲಿಲ್ಲ.

ಹೆಂಡತಿ ತೀರಿದ ವರ್ಷ ನಡಗಾಕ ಹತ್ತಿತು. ಅದೇ ವರ್ಷ ಹನಿ ಹಾಕೂ ಮಷೀನು ಬಂತು, ಅದರ ಜೋಡಿ ಅದನ್ನ ನಡಸೂ ಕಂಪ್ಯೂಟರ್.

ಕಂಪ್ಯೂಟರ್ ಇದ್ದ ಖೋಲಿಗೆ ಚಪ್ಪಲ್ ಹೊರಗ ಬಿಟ್ಟು ಹೋಗೂ ಕಾಲ ಅದು. ಪರದಿ ಮ್ಯಾಲ ಬಾಟಲಿ, ಟ್ಯೂಬು, ಹೊಲಸು ನೀರಿನ ಡಬ್ಬಿ, ಎಲ್ಲಾ ಚಿತ್ರ. ಯಾವುದು ಎಲ್ಲಿ ಇರಬೇಕೋ ಅಲ್ಲಿ ಎಳದು ಇಡೂದು, ಒಂದರಿಂದ ಇನ್ನೊಂದಕ್ಕ ಗೆರಿ ಹಾಕೂದು. ಆ ಗೆರಿ ಹಿಡಿದು ಮಷೀನಿನ ಕೈ ತಾನೇ ಹೋಗಿ ಹನಿ ಹಾಕ್ತದ.

ಲ್ಯಾಬಿನ ಡಾಕ್ಟರ್ ನನ್ನ ಕರೆದು, ಕಾಕಾ, ಇನ್ನ ಊರಿಗೆ ಹೋಗಿ ಆರಾಮ ಇರ್ರಿ ಅಂದ್ರು. ಒಳ್ಳೆ ಮನಸಿಲೇ ಅಂದ್ರು. ಆದ್ರ ಹಗಲು ಹೊತ್ತು ಮನ್ಯಾಗ ಕೂಡೂದು ನನಗ ಆಗ್ತಿರಲಿಲ್ಲ. ಒಲಿ ಕಡೆ ನೋಡಿದ್ರ ಬರೇ ಒಲಿ. ಬಾಗಿಲ ಕಡೆ ನೋಡಿದ್ರ ಬರೇ ಬಾಗಿಲು. ನಾನೂ ಒಂದು ಚಿತ್ರ ಮಾಡ್ತೀನ್ರಿ ಅಂದೆ.

ಡಾಕ್ಟರ್, ಮಷೀನು ಕೂಡಿಸಿದ ಪುಣೆ ಇಂಜಿನಿಯರ್ ಎರಡನೇ ಸಲ ಬಂದಾಗ ನೋಡೋಣು, ಯಾರ ಚಿತ್ರ ಸರಿ ಬರ್ತದೋ ಅವರು ಮಷೀನಿನ ಹಂತೇಕ ಕುಂತು ಅದನ್ನ ನಡಸಲಿ ಅಂದ್ರು. ನನ್ನ ಎದುರಿಗೆ ಇದ್ದವರು ಬಿ.ಎಸ್ಸಿ. ಆದ ಇಬ್ಬರು ಟೆಕ್ನಿಷಿಯನ್ನರು.

ಹಣಿ

ಮಷೀನು ಬಂದ ದಿನ ಡಾಕ್ಟರ ತಾಯಿ ಪೂಜಿ ಮಾಡಿದ್ರು. ಕುಂಕುಮ ಧಾರಾಳ. ಆಮ್ಯಾಲ ಇಂಜಿನಿಯರ್ ಗುಂಡಿ ಒತ್ತಿದ. ಮಷೀನಿನ ಕೈ ಒಂದು ಗೇಣು ಎದ್ದು ಅಲ್ಲೇ ನಿಂತಿತು.

ಪರದಿ ಮ್ಯಾಲ ಚಿತ್ರ ಎಲ್ಲಾ ಸರಿ ಇತ್ತು. ಆತ ಪುಸ್ತಕ ತೆಗೆದ. ಪುಣೆಕ್ಕ ಫೋನ್ ಮಾಡಿದ. ಬೆನ್ನಿನ ಸ್ಕ್ರೂ ಬಿಚ್ಚಿದ. ಊಟದ ಹೊತ್ತಾತು, ಮೂರು ಸಲ ಚಹಾ ಆತು. ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ದ ಡಾಕ್ಟರ ತಾಯಿ, ಮುಂದಿನ ಆ ದುಂಡ ಮಣಿ ಏನಪಾ ಅಂತ ಕೇಳಿದ್ರು. ಅದು ಮಷೀನಿನ ಕಣ್ಣು ಆಜಿ, ಟ್ಯೂಬ್ ಇಟ್ಟಾರೋ ಇಲ್ಲೋ ಅದು ನೋಡ್ತದ ಅಂತ ಆತ ಹೇಳಿದ.

ಅವರು ಸೆರಗಿನ ತುದಿಲೇ ಅದನ್ನ ಒರಸಿದ್ರು. ಮಷೀನಿನ ಕೈ ಸರಳ ಓಡಿತು.

"ಅಯ್ಯ, ಅದು ಕಣ್ಣೇನು," ಅಂದ್ರು. "ನಾ ಹಣಿ ಅಂತ ತಿಳಿದಿದ್ದೆ."

ನೋವಿಲ್ಲದ ತಪಾಸಣಿ

ಮಷೀನು ನಡಸದೇ ಬರೇ ಚಿತ್ರ ನಡಿಸಿ ನೋಡಬಹುದಿತ್ತು. ಪರದಿ ಮ್ಯಾಲ ಟ್ಯೂಬಿನೊಳಗ ಕೆಂಪು ಏರ್ತದ, ಇಳೀತದ. ಹೊರಗ ಏನೂ ಇರಂಗಿಲ್ಲ.

ಕುರನೂರ ಕಡೆಯ ಒಬ್ಬ ಗೌಡ್ರು ರಕ್ತ ಕೊಡಾಕ ಬಂದು, ತೋಳು ಮ್ಯಾಲ ಮಾಡಿ ಕುಂತಿದ್ರು. ಎದುರಿಗೆ ಟೆಕ್ನಿಷಿಯನ್ ತನ್ನ ಚಿತ್ರ ನಡಸಾಕತ್ತಿದ್ದ. ಗೌಡ್ರು ಕಣ್ಣು ಮಿಟುಕದೇ ನೋಡಿದ್ರು. ಎಂಟು ಟ್ಯೂಬು ಕೆಂಪಾದವು. ಗೌಡ್ರು ತೋಳು ಇಳಿಸಿ, ರುಮಾಲು ಸರಿ ಮಾಡಿಕೊಂಡು ಹೋದ್ರು. ಚಹಾಕ್ಕ ಹೋಗಿರಬೇಕು ಅಂದಕೊಂಡ್ವಿ.

ಮರುದಿನ ರಿಪೋರ್ಟ್ ಕೊಡ್ರಿ ಅಂತ ಬಂದ್ರು. ನಿಮ್ಮ ರಕ್ತಾನೇ ತಗೊಂಡಿಲ್ಲ ಅಂದ್ರ ಒಪ್ಪಲಿಲ್ಲ. ನನ್ನ ಕಣ್ಣಮುಂದ ಎಂಟು ಟ್ಯೂಬು ತಗೊಂಡೀರಿ, ಇಷ್ಟು ಯಾಕ ಅಂತ ಕೇಳಾಂವ ಇದ್ದೆ, ನೋವಾಗಲಿಲ್ಲ ಅಂತ ಬಿಟ್ಟೆ ಅಂದ್ರು. ಕೊನೀಗೆ ನಾನು ಸೂಜಿ ತಂದೆ. ಗೌಡ್ರು ಕೈ ಹಿಂದಕ್ಕ ತಗೊಂಡ್ರು.

"ಈ ಹಳೀ ಪದ್ಧತಿ ಬ್ಯಾಡೋ ತಮ್ಮಾ. ನಿನ್ನಿ ಮಾಡಿದಂಗ ಮಾಡು."

ಆ ಸಂಜಿ ಇದನ್ನ ಮನ್ಯಾಗ ಹೇಳಬೇಕು ಅಂತ ಸೈಕಲ್ ಜೋರು ತುಳಕೊಂತ ಹೊಂಟಿದ್ದೆ. ಅರ್ಧ ದಾರ್ಯಾಗ ನೆನಪಾತು. ಅಲ್ಲಿಂದ ಸೈಕಲ್ ನೂಕಿಕೊಂಡು ಹೋದೆ.

ದಾಟಬಾರದ್ದು

ಇಂಜಿನಿಯರ್ ಎರಡನೇ ಸಲ ಬಂದ. ಪರೀಕ್ಷಾಕ್ಕ ರಕ್ತ ಬ್ಯಾಡ ಅಂತ ನಡುವ ಹೊಲಸು ನೀರಿನ ಡಬ್ಬಿ ಇಟ್ಟು, ಈ ಕಡೆ ಕೆಂಪು ನೀರಿನ ಟ್ಯೂಬು, ಆ ಕಡೆ ತಿಳಿನೀರಿನ ಟ್ಯೂಬು ಇಟ್ಟ. ಕಡೀ ತುದಿಗೆ ಕೊಳವಿ ತೊಳಿಯೂ ಬಟ್ಟಲು. ತಿಳಿನೀರಿನ್ಯಾಗ ಒಂದು ಹನಿ ಕೆಂಪೂ ಬೀಳಬಾರದು ಅಂದ.

ಟೆಕ್ನಿಷಿಯನ್ನರ ಗೆರಿ ನೆಟ್ಟಗ. ಮಷೀನಿನ ಕೈ ಕೆಂಪು ಎತ್ತಿತು, ಅಳತಿ ಪ್ರಕಾರ ಬಾಜೂಕಿನ ಟ್ಯೂಬಿಗೆ ಹಾಕಿತು, ಉಳಿದದ್ದನ್ನ ಡಬ್ಯಾಗ ಬಿಟ್ಟಿತು, ಡಬ್ಬಿ ದಾಟಿ, ತಿಳಿನೀರಿನ ಮ್ಯಾಲ ಹಾದು ಬಟ್ಟಲಿಗೆ ಹೋತು. ಭಾಳ ಚುರುಕು. ಆದ್ರ ದಾರಿ ತುಂಬ ಒಂದೊಂದು ಹನಿ ಸೋರಿತು. ತಿಳಿನೀರು ಗುಲಾಬಿ ಆತು. ಇಬ್ಬರದೂ ಹಂಗೇ.

ನನ್ನ ಚಿತ್ರ ಹಾಕಿದ್ರು. ಕೈ ಡಬ್ಬಿ ತನಕ ಹೋತು. ದಾಟಲಿಲ್ಲ. ಬಂದ ದಾರೀಲೇ ಹೊಳ್ಳಿತು. ಅಂಚು ಹಿಡಿದು ದೂರದಿಂದ ಸುತ್ತು ಹಾಕಿ ಬಟ್ಟಲಿಗೆ ಹೋಗಿ ತೊಳಕೊಂಡಿತು. ಕಾಕಾನ ಗಾಡಿ ಅಕ್ಕಲಕೋಟ ಬಸ್ಸಿನಂಗ ಎಲ್ಲಾ ಹಳ್ಳಿ ಮಾಡಿಕೊಂಡು ಬರ್ತದ ಅಂತ ಒಬ್ಬ ಟೆಕ್ನಿಷಿಯನ್ ಅಂದ. ಎಲ್ಲಾರೂ ನಕ್ಕರು. ನಾನು ತಲಿ ಕೆಳಗ ಹಾಕಿ ನಿಂತಿದ್ದೆ.

ನಗು ನಿಂತ ಮ್ಯಾಲ ನೋಡಿದ್ರ ತಿಳಿನೀರು ತಿಳಿನೀರಾಗೇ ಇತ್ತು.

ಹೊಳ್ಳಿಸಿದ್ದು ಯಾಕ ಅಂತ ಇಂಜಿನಿಯರ್ ಕೇಳಿದ. ನಾನು ಹೇಳಿದೆ.

"ಈಶ್ವರನ ಗುಡ್ಯಾಗ ಲಿಂಗದ ಮ್ಯಾಲಿನ ನೀರು ಹೊರಗ ಬೀಳೂ ಜಾಗ ಇರ್ತದಲ್ರಿ, ಅದನ್ನ ದಾಟಬಾರದು. ಅಲ್ಲಿ ತನಕ ಹೋಗಿ ಹೊಳ್ಳಿ ಬರಬೇಕು. ನಾ ಮರತು ದಾಟಾಕ ಹೋಗ್ತಿದ್ದೆ. ಅಕಿ ಅಂಗಿ ಹಿಡಿದು ಜಗ್ಗತಿದ್ದಳು."

"ಅಕಿ ಅಂದ್ರ?"

"ನನ್ನ ಹೆಂಡ್ತಿ."

ಡಾಕ್ಟರ್ ತಾವೇ ಒಂದು ಕುರ್ಚಿ ಎಳದು ಮಷೀನಿನ ಹಂತೇಕ ಇಟ್ಟು, ಕೂಡ್ರಿ ಕಾಕಾ ಅಂದ್ರು. ಕುಂತೆ.

ಇಂಜಿನಿಯರ್‌ಗ ಅಕಿ ತೀರಿದ್ದು ಗೊತ್ತಿಲ್ಲ. ಚಿತ್ರ ಕಂಪ್ಯೂಟರಿನ್ಯಾಗ ಇಡಬೇಕಂದ್ರ ಮಾಡಿದವರ ಹೆಸರು ಹಾಕಬೇಕು, ಇದು ಅವರದೇ ಬುದ್ಧಿ, ಅವರ ಹೆಸರು ಹೇಳ್ರಿ ಅಂದ.

ನಾನು ಇಪ್ಪತ್ತಾರು ವರ್ಷದ ಸಂಸಾರದಾಗ ಅಕಿ ಹೆಸರು ಬಾಯಿಂದ ತಗದಾಂವ ಅಲ್ಲ. ಅಕಿನೂ ನನ್ನದು ತಗದಿಲ್ಲ. 'ಏ, ಕೇಳಿತೇನ' ಅಂದ್ರ ಸಾಕಿತ್ತು. ಒಂದು ಚೀಟಿ ತಗೊಂಡು ಬರೆದು ಕೊಟ್ಟೆ.

ಇಂಜಿನಿಯರ್ ನೋಡಿದ. ಅದು ಕನ್ನಡ, ಆತ ಮರಾಠಿ; ಆತನ ಜೋಡಿ ಮಾತೆಲ್ಲಾ ಮರಾಠೀಲೇ ನಡದಿತ್ತು. ಡಾಕ್ಟರಿಗೆ ಕೊಟ್ಟ. ಅವರೂ ಮರಾಠಿ. ಟೆಕ್ನಿಷಿಯನ್ನರ ಮನೀ ಮಾತು ಕನ್ನಡ, ಕಲತದ್ದು ಮರಾಠಿ ಸಾಲಿ. ಚೀಟಿ ಮ್ಯಾಲ ಕೆಳಗ ಮಾಡಿ ನೋಡಿ ಹೊಳ್ಳಿ ನನ್ನ ಕೈಯಾಗೇ ಇಟ್ಟರು. ಇಷ್ಟು ಕಲತವರ ನಡುವ ನಾಕನೇತ್ತೆಯವ ಒಬ್ಬನೇ ಓದಬೇಕಾತು.

ಹೇಳಿದೆ. ಸಣ್ಣ ದನೀಲೆ.

ಒಂದೊಂದು ಅಕ್ಷರ ಸಾವಕಾಶ ಹೇಳ್ರಿ, ಒತ್ತಬೇಕು ಅಂದ ಇಂಜಿನಿಯರ್. ಸಾವಕಾಶ ಹೇಳಿದೆ. ಪರದಿ ಮ್ಯಾಲ ಹೆಸರು ಮೂಡಿತು, ಇಂಗ್ಲೀಷಿನ್ಯಾಗ. ನನಗ ಓದಾಕ ಬರಲಿಲ್ಲ. ಅಕಿನೇ ಅಂತ ಗೊತ್ತಿತ್ತು. ಮತ್ತೊಮ್ಮೆ ಹೇಳಿದೆ. ಆಮ್ಯಾಲ ಇನ್ನೊಮ್ಮೆ.

ಇಂಜಿನಿಯರ್ ನನ್ನ ಕಡೆ ನೋಡಿ ಮೆಲ್ಲಕ ಅಂದ: ಸಾಕ್ರಿ ಕಾಕಾ, ಈ ಜಾಗದಾಗ ಹೆಸರು ಒಂದೇ ಸಲ ಹಿಡಿಸ್ತದ.