ಬಂದ್ ಇಟ್ಟ ಮಗ್ಗ

ಸೋಲಾಪುರದ ಸೈದಪ್ಪ ಆ ಬೆಳಿಗ್ಗೆ ಮನೆಯ ಮಗ್ಗವನ್ನು ಬಂದ್ ಇಟ್ಟದ್ದೇ ತಪ್ಪಾಯಿತು.

ಅಂದು ಮಗಳು ಕೇತಕಿಗೆ ಅಕ್ಕಲಕೋಟೆಯ ವಸತಿ ಸಂಗೀತ ಶಾಲೆಯಲ್ಲಿ ಪ್ರವೇಶ ಪರೀಕ್ಷೆ. "ಇವತ್ತೊಂದಿನಾ ಆ ಖಟಖಟ ನಿಂದ್ರಸೋ. ಕೂಸಿನ ಕಿವಿ ಸ್ವಚ್ಛ ಇರಲಿ" ಎಂದು ಪಕ್ಕದ ಮನೆಯ ಗಿರಿಜಾಬಾಯಿ ಅಪ್ಪಣೆ ಕೊಡಿಸಿದ್ದಳು. ತನ್ನಂತೆ ಮಗಳೂ ಮಗ್ಗದ ಮುಂದೆ ನಿಂತು ಸವೆಯಬಾರದು, ಶಾಂತವಾದ ಕಡೆ ಕಲಿಯಲಿ ಎಂಬುದೊಂದೇ ಆಸೆ ಸೈದಪ್ಪನದು. ಒಪ್ಪಿದ.

ಆದರೆ ಮಗ್ಗದ ಸದ್ದೇ ಕೇತಕಿಯ ಅಲಾರಾಂ. ಎಂಟಾದರೂ ಹುಡುಗಿ ಏಳಲಿಲ್ಲ. "ಮಲಗಲಿ ಬಿಡು, ದನಿಗೆ ಚಲೋ" ಎಂದಳು ಗಿರಿಜಾಬಾಯಿ. ಕೊನೆಗೆ ಮಗಳ ಬಟ್ಟೆಬರೆಯ ತಗಡಿನ ಟ್ರಂಕು ಹೊತ್ತು ಸೈದಪ್ಪ ಎಸ್.ಟಿ. ಬಸ್ಸಿನ ಹಿಂದೆ ಓಡಬೇಕಾಯಿತು. ಕರೆಯದಿದ್ದರೂ ಗಿರಿಜಾಬಾಯಿ ಅವನಿಗಿಂತ ಮೊದಲೇ ಹತ್ತಿ ಸೀಟು ಹಿಡಿದಿದ್ದಳು.

ಶಾಲೆಯಲ್ಲಿ ಎಲ್ಲವೂ ಗಪ್‌ಚಿಪ್, ಒಂದು ಸದ್ದಿಲ್ಲ. ದಿಗಂಬರ ಗುರೂಜಿ ತಂಬೂರಿ ಮಿಡಿದು "ಹಾಡವ್ವಾ ಕೂಸ" ಅಂದರು. ಕೇತಕಿ ಮೀನಿನಂತೆ ಬಾಯಿ ತೆರೆದಳು, ಮುಚ್ಚಿದಳು. ಕಣ್ಣಲ್ಲಿ ನೀರು.

"ಅಪ್ಪಾ, ಮಗ್ಗ ಇಲ್ದ ಹೆಂಗ ಹಾಡ್ಲಿ?"

ಸೈದಪ್ಪ ನಾಚಿಕೆ ಬಿಟ್ಟು ಟ್ರಂಕನ್ನು ಕೆಳಗಿಟ್ಟವನೇ ಎರಡೂ ಕೈಯಿಂದ ಬಡಿಯತೊಡಗಿದ. ಖಟಖಟ, ಖಟಖಟ! ಗಿರಿಜಾಬಾಯಿ ಸುಮ್ಮನಿರುತ್ತಾಳೆಯೇ? ತನ್ನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು ತಾನೂ ಶುರುಮಾಡಿದಳು. ಏನೋ ಅನಾಹುತವಾಯಿತೆಂದು ವಾಚ್‌ಮನ್ ಓಡಿಬಂದ. ಆ ಗದ್ದಲದ ನಡುವಿನಿಂದ ಕೇತಕಿಯ ದನಿ ಎದ್ದಿತು. ಲಯ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಗುರೂಜಿ ತಂಬೂರಿ ಮಿಡಿಯುವುದನ್ನೇ ಮರೆತರು.

"ಇಂಥಾ ಲಯ ನಮ್ಮ ಹುಡುಗರಿಗೆ ಮೂರು ವರ್ಷ ಆದ್ರೂ ಬಂದಿಲ್ರಿ!"

"ಹಂಗಾದ್ರ ಸೀಟು ಸಿಕ್ಕಂಗನ್ರಿ?" ಸೈದಪ್ಪ ಕೈಮುಗಿದ.

"ಈ ವರ್ಷ ಬ್ಯಾಡ್ರಿ. ಈ ಶಾಂತದಾಗ ಆಕಿ ಬಾಯೇ ಬಿಡೂದಿಲ್ಲ. ಇನ್ನೊಂದು ವರ್ಷ ಮಗ್ಗದ ಹತ್ರನ ಇರಲಿ."

ಸೈದಪ್ಪನ ಮುಖ ಸಪ್ಪಗಾಯಿತು. ಕೇತಕಿ ಮಾತ್ರ ಹಿಗ್ಗಿ ಅಪ್ಪನ ಕೈ ಹಿಡಿದಳು. ಗುರೂಜಿಯ ಮಾತು ಇನ್ನೂ ಮುಗಿದಿರಲಿಲ್ಲ.

"ಮತ್ತ, ಪ್ರತಿ ಶನಿವಾರ ನಮ್ಮ ಹನ್ನೆರಡು ಹುಡುಗರನ್ನ ನಿಮ್ಮ ಮನಿಗೆ ಕಳಸ್ತೀನ್ರಿ. ಮಗ್ಗದ ಮುಂದ ಕುಂತು ಲಯ ಕಲೀಲಿ."

ಒಬ್ಬಳನ್ನು ಮಗ್ಗದಿಂದ ಬಿಡಿಸಲು ಬಂದವನು ಹನ್ನೆರಡು ಮಂದಿಯನ್ನು ಗಂಟುಹಾಕಿಕೊಂಡು, ನೆಗ್ಗಿದ ಟ್ರಂಕನ್ನು ಮತ್ತೆ ತಲೆಗೇರಿಸಿದ.

"ಸೈದಪ್ಪಾ," ಹಿಂದಿನಿಂದ ಗಿರಿಜಾಬಾಯಿಯ ಅಪ್ಪಣೆ ಬಂತು, "ಶನಿವಾರ ಮಗ್ಗ ಬಂದ್ ಇಟ್ಟೀ ಮತ್ತ, ಹುಷಾರ್!"