ತಗ್ಗು ಕಾರು, ಎತ್ತರದ ಕಾರು, ನಡುವೆ ನನ್ನ ಮಡಿ

ಗಾಡಿಗಳ ವಿಷಯದಲ್ಲಿ ನನಗೆ ತಿಳಿಯದ್ದೇನೂ ಇಲ್ಲ. ಹತ್ತಬೇಕು, ಕೂಡಬೇಕು, ಇಳಿಯಬೇಕು. ಇದಕ್ಕೆ ಶಾಲೆ ಕಲಿಯಬೇಕೇ?

ವಿಜಯವಾಡದಲ್ಲಿ ಮಗಳು ವಾಣಿಯ ಗೃಹಪ್ರವೇಶ. ಮುಹೂರ್ತ ಮೀರುವುದರೊಳಗೆ ನನ್ನ ಕೈಯ ಹೂರಣಗಡುಬೇ ದೇವರಿಗೆ ನೈವೇದ್ಯವಾಗಬೇಕೆಂದು ಹಟ ಹಿಡಿದವಳು ನಾನೇ. ಇಬ್ರಾಹಿಂಪಟ್ನಂನ ಅವರ ಬಾಡಿಗೆ ಮನೆಯಲ್ಲಿ ಮಿಂದು, ಮಡಿಸೀರೆ ಉಟ್ಟು ಕಡುಬು ಬೇಯಿಸಿದೆ. ಇನ್ನು ಬೆಂಜ್ ಸರ್ಕಲ್ ಹತ್ತಿರದ ಹೊಸ ಮನೆ ಸೇರುವ ತನಕ ಯಾರೂ ನನ್ನನ್ನು ಮುಟ್ಟಕೂಡದು!

ಅಂಗಳದಲ್ಲಿ ಎರಡು ಗಾಡಿ. ಒಂದು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲವಿರುವ ಅಳಿಯನ ದೈತ್ಯ ಎಸ್‌ಯುವಿ. ಅದರ ಪಕ್ಕ ಅದರದೇ ಮರಿಯಂತೆ ಮಗ ರಘುವಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ರಘು ವಿಶಾಖಪಟ್ಟಣದಲ್ಲಿ ಬ್ಯಾಂಕ್ ಆಫೀಸರ್. ಅಲ್ಲಿನ ಪೆಂಡುರ್ತಿಯ ಮನೆಯಿಂದ ಅವನು ಅದರಲ್ಲಿ ಬಂದ. ಜಾಗ ಸಾಲದೆ ಸೊಸೆ, ನಾನು, ಸಾಮಾನು ರೈಲಿನಲ್ಲಿ ಬಂದೆವು.

"ಅತ್ತೀ, ನನ್ನ ಗಾಡಿ ಗುಡ್ಡಾನೂ ಹತ್ತತದರಿ," ಎಂದ ಅಳಿಯ.

"ಗುಡ್ಡ ಅದು ಹತ್ತಲಿ. ಅದನ್ನ ನಾ ಹೆಂಗ ಹತ್ತಲಿ?"

ಪ್ಲಾಸ್ಟಿಕ್ ಸ್ಟೂಲ್ ತಂದರು. ಮಡಿಗೆ ಆಗದು ಎಂದೆ. ಕೈ ಕೊಡಲು ಬಂದರು, ದೂರ ಎಂದೆ. ಹೊತ್ತು ಏರುತ್ತಿತ್ತು. ನನ್ನ ಅಂಗಾಲಿಗೆ ಇರುವೆ ಹತ್ತಿದಂತಾಗಿತ್ತು.

ರಘು ಹಿಗ್ಗಿದ. "ನನ್ನ ಕಾರು ನೆಲಕ್ಕ ಹತ್ತೇ ಅದ ಅವ್ವಾ. ಸುಮ್ನ ಕೂತ್ರ ಆತು."

ಸೀಟಿಗೆ ಮಡಿಬಟ್ಟೆ ಹಾಸಿ ಸುಮ್ಮನೆ ಕೂತೆ. ಬಾವಿಗೆ ಕೊಡ ಬಿದ್ದಂತೆ ಬಿದ್ದೆ! ಮಂಡಿ ಗದ್ದಕ್ಕೆ ಬಂದವು. ನಡುವೆ ಕಡುಬಿನ ಡಬ್ಬಿ. ಬೆಂಜ್ ಸರ್ಕಲ್‌ನಲ್ಲಿ ಪಕ್ಕಕ್ಕೆ ಲಾರಿ ನಿಂತರೆ ಅದರ ಗಾಲಿಯೇ ನನಗೆ ದರ್ಶನ.

"ಲಗೂ ಹೋಗೋ!"

"ಎಲ್ಲಿ ಹೋಗ್ಲಿ, ಲಾರಿ ಕೆಳಗ?"

ಆ ಕಾರಿಗೆ ಅದೂ ಸಾಧ್ಯವಿತ್ತು.

ಅಂತೂ ಹೊಸ ಮನೆಯ ಮುಂದೆ ಬಾಗಿಲು ತೆರೆಯಿತು. ನನ್ನ ತಲೆ ಎದ್ದಿತು. ನಡು ಏಳಲಿಲ್ಲ. ವಾಚ್‌ಮನ್ ಓಡಿ ಬಂದು, "ಅಮ್ಮಗಾರೂ, ಚೆಯ್ಯಿ ಇವ್ವಂಡಿ," ಎಂದು ಕೈ ಚಾಚಿದ.

"ಮುಟ್ಟಬ್ಯಾಡ!" ಎಂದೆ. ಕನ್ನಡ ಬರದಿದ್ದರೂ ಅವನಿಗೆ ಚೆನ್ನಾಗಿ ಅರ್ಥವಾಯಿತು.

ವಾಣಿ ಬಾಲ್ಕನಿಯಿಂದ ಕೂಗಿದಳು: "ಅವ್ವಾ, ಮುಹೂರ್ತ ಮುಗೀಲಿಕ್ಕೆ ಬಂತು!"

ಆಗಲೇ ಬಂದಿದ್ದ ಅಳಿಯ, "ಡಬ್ಬಿ ಕೊಡ್ರಿ, ನಾ ಒಯ್ತೀನಿ," ಎಂದ.

"ನೀ ಮಡಿಯೊಳಗ ಇಲ್ಲ!"

"ಮಡಿಯೊಳಗ ಇರಾಕಿ ಕಾರೊಳಗ ಇದ್ದಾಳ," ಎಂದ ರಘು. ಮೂಳ!

ಕಡೆಗೆ ಕಣ್ಣು ಮುಚ್ಚಿ, "ಎಳೀರಿ!" ಎಂದೆ. ಮಗ, ಅಳಿಯ, ವಾಚ್‌ಮನ್ ಸೇರಿ ಎಳೆದರು. ನಾನು ಬಂದೆ. ಡಬ್ಬಿಯೂ ಬಂತು. ಮುಚ್ಚಳ ಒಂದು ಕಡೆ, ಕಡುಬು ರಸ್ತೆಯ ತುಂಬ!

ಮೇಲೆ ಹೋಗಿ ನೋಡಿದರೆ ದೇವರು, ಉಕ್ಕಿಸಿದ ಹಾಲಿಗೆ ಸಕ್ಕರೆ ಹಾಕಿಸಿಕೊಂಡು ಊಟ ಮುಗಿಸಿದ್ದ. ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಸಂಜೆ ವಾಪಸ್ ಹೊರಟಾಗ ಎಸ್‌ಯುವಿಯ ಸೀಟೆಲ್ಲ ನೆಂಟರಿಂದ ತುಂಬಿತ್ತು. ಕೆಂಪು ಕಾರಿನ ಹೆಸರೆತ್ತಲು ಯಾರಿಗೂ ಧೈರ್ಯವಿಲ್ಲ. ಮಡಿ ಹೋಗಿತ್ತಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ; ನನ್ನನ್ನು ಅನಾಮತ್ತಾಗಿ ಎತ್ತಿ ಅದರ ಹಿಂದಿನ ಡಿಕ್ಕಿಯಲ್ಲಿ ಖಾಲಿ ಪಾತ್ರೆಗಳ ಜೊತೆ ಇಟ್ಟರು. ದಾರಿಯುದ್ದಕ್ಕೂ ಪಾತ್ರೆಗಳೂ ನಾನೂ ಒಟ್ಟಿಗೇ ಗಡಗಡ ಎಂದೆವು.

ಇಬ್ರಾಹಿಂಪಟ್ನಂ ಬಂತು. ಮೊದಲು ಪಾತ್ರೆಗಳನ್ನು ಇಳಿಸಿದರು.